ತಾಳೆ ಬಿದ್ದರೆ ಸಾಕೆ?

1956ರಲ್ಲಿ ಕಾಸರಗೋಡಿನಂತೆ ನಾವೂ ಗೆರೆಯ ಆಚೆ ಉಳಿದವರು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಈಗ ತೆಲಂಗಾಣದಲ್ಲಿವೆ. ಗದ್ವಾಲ ಅಲ್ಲಿಯವರೆಗೆ ರಾಯಚೂರು ಜಿಲ್ಲೆಗೆ ಸೇರಿತ್ತು. ಇಲ್ಲಿ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿತ ಮಕ್ಕಳು ಎಂ.ಎಸ್ಸಿ.ಗೆ ಹೋದರೆ ಇಂಗ್ಲಿಷಿನಲ್ಲೇ ಬರೆಯಬೇಕು.

ನಾನು ಬಿ.ಎ. ಓದಿದ ಬ್ಯಾಂಕ್ ಗುಮಾಸ್ತ. ಮಗಳು ಗಣಿತದ ಎಂ.ಎಸ್ಸಿ. ಒಂದು ಬೆಲೆಯತ್ತ ಸಾಗುವ ಸಂಖ್ಯೆಗಳ ಸಾಲು ಮಿತಿಯೊಳಗೇ ಇರುತ್ತದೆ ಎಂಬ ಪ್ರಮೇಯದ ಸಾಧನೆಯನ್ನು ಬಾಯಿಪಾಠ ಮಾಡಿದರೂ ಅಂಕ ಬರುತ್ತದೆಯಂತೆ. “ಹಾಗಾದರೆ ಮಿತಿಯೊಳಗಿರುವ ಸಾಲೆಲ್ಲ ಒಂದೆಡೆಗೆ ಸಾಗುತ್ತದೆಯೇ?” ಎಂದು ಕೇಳಿದೆ. “ಇಲ್ಲಪ್ಪ. 1, -1, 1, -1... ಮಿತಿ ದಾಟುವುದಿಲ್ಲ, ಎಲ್ಲೂ ನಿಲ್ಲುವುದೂ ಇಲ್ಲ” ಎಂದಳು. ಅವಳ ಕಲಿಕೆ ನನಗೆ ಕಂಡದ್ದು ಆ ಕನ್ನಡದ ಮಾತಿನಲ್ಲಿ.

ಬ್ಯಾಂಕಿನಲ್ಲಿ ಜಮಾ-ಖರ್ಚು ತಾಳೆ ಬಿದ್ದರೂ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹೋಗಿರಬಹುದು. ಅಂಕಪಟ್ಟಿಯೂ ಅಷ್ಟೆ. ಸಿ.ಎಸ್.ಐ.ಆರ್. ನೆಟ್ ಗಣಿತದ ‘ಸಿ’ ಭಾಗದಲ್ಲಿ ಸರಿಯುತ್ತರಗಳೆಲ್ಲವನ್ನೂ ಗುರುತಿಸಿದರಷ್ಟೇ ಅಂಕ. ಬರೀ ಬಾಯಿಪಾಠ ಅಲ್ಲಿ ನಡೆಯದು. ಆದರೆ ಏಕೆ ಎಂದು ವಿವರಿಸಲು ಅಲ್ಲಿ ಜಾಗವಿಲ್ಲ. ಪ್ರಶ್ನೆಗಳೂ ಇಂಗ್ಲಿಷ್, ಹಿಂದಿಯಲ್ಲಿ.

ಬರವಣಿಗೆಯ ಪರೀಕ್ಷೆ ಇರಲಿ. ಜೊತೆಗೆ ಹತ್ತು ನಿಮಿಷ ಕರಿಹಲಗೆಯ ಮುಂದೆ ನಿಲ್ಲಿಸಿ, ಅವರವರ ನುಡಿಯಲ್ಲೇ ‘ಏಕೆ’ ಎಂದು ಕೇಳಲಿ. ಗಡಿಯ ಮಕ್ಕಳಿಗೆ ಬಾರದಿರುವುದು ಗಣಿತವೋ ಇಂಗ್ಲಿಷೋ ಎಂಬುದು ಆಗ ಗೊತ್ತಾಗುತ್ತದೆ.