ಗರಿಯ ಗಾಳ

ನಮ್ಮ ತ್ಯಾಮಗೊಂಡ್ಲು ಕಡೆಯಲ್ಲಿ ಮೀನು ಹಿಡಿಯುವುದೆಂದರೆ ಕೆರೆಯ ಏರಿಯ ಮೇಲೆ ಕುಳಿತು ಕಾಯುವುದು; ಗಾಳಕ್ಕೆ ಎರೆಹುಳು ಸಿಕ್ಕಿಸಿದ ಮೇಲೆ ಮನುಷ್ಯನಿಗೆ ಬೇರೆ ಕೆಲಸವಿಲ್ಲ. ಅದನ್ನೇ ಕಂಡು ಬೆಳೆದ ನನಗೆ, ಮಿತ್ರರೊಬ್ಬರೊಡನೆ ಮಲ್ಪೆಯಿಂದ ದೋಣಿಯಲ್ಲಿ ಕಡಲಿಗೆ ಹೊರಟ ದಿನ, ಅವರ ಗಾಳ ವಿಚಿತ್ರವಾಗಿ ಕಂಡಿತು. ಎರೆಯೇ ಇಲ್ಲ! ಮರಿಮೀನಿನಂತೆ ತೋರುವ ಬಿಳಿಯ ಗರಿಯ ಕುಚ್ಚೊಂದನ್ನು ಅದಕ್ಕೆ ಕಟ್ಟಿದ್ದರು. ಗರಿಗೆ ತೂಕವೆಲ್ಲಿಯದು? ದಪ್ಪ ದಾರದ ಭಾರವೇ ಅದನ್ನು ದೂರ ಒಯ್ಯಬೇಕು. ಅದಕ್ಕೆಂದು ಅವರು ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸುವಾಗಲೆಲ್ಲ ನಾನು ತಲೆ ತಗ್ಗಿಸಿ ಕುಳಿತೆ.

ಹಕ್ಕಿಗಳು ನೀರಿಗೆರಗುತ್ತಿದ್ದೆಡೆಗೆ ದೋಣಿ ತಿರುಗಿತು. ಕರಾವಳಿಯವರು ಗೆದರೆಯೆನ್ನುವ ಟ್ಯೂನಾ ಮೀನುಗಳು ಅಲ್ಲಿ ಸಣ್ಣ ಮೀನುಗಳನ್ನು ಅಟ್ಟಿಕೊಂಡು ಬಂದಿದ್ದವು. ಗರಿ ಬಿದ್ದದ್ದೇ ತಡ, ರಾಟೆ ಕಿರುಚಿತು. ದಾರ ಕಣ್ಣೆದುರಿಗೇ ಕರಗಿತು.

ಕಾಲು ಗಂಟೆಯ ಸೆಣಸಾಟದ ಮೇಲೆ ಮೀನು ಕೈಗೆ ಬಂತು. ನಮ್ಮ ಕೆರೆಯ ಕೊರವ ನೀರಿನಿಂದ ತೆಗೆದರೂ ಗಾಳಿ ಕುಡಿದು ಬಹಳ ಹೊತ್ತು ಬದುಕೀತು. ಗೆದರೆಗೆ ಆ ಸೌಕರ್ಯವಿಲ್ಲ. ಈಜುತ್ತಿದ್ದರಷ್ಟೇ ಅದರ ಕಿವಿರಿನಲ್ಲಿ ನೀರು ಹರಿದೀತು, ನಿಂತರೆ ಉಸಿರಿಲ್ಲ.

ಮಿತ್ರರು ಅದನ್ನು ಬಿಟ್ಟುಬಿಡಲು ಸಿದ್ಧರಾದರು.

“ಬಿಡುವುದಾದರೆ ಹಿಡಿದದ್ದು ಯಾಕೆ, ಮಾಷ್ಟ್ರೇ?” ತಾಂಡೇಲರು ಕೇಳಿದ್ದು ಅವರನ್ನಲ್ಲ, ನನ್ನನ್ನು.

ಕನ್ನಡ ಎಂ.ಎ. ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬಾಲದ ನಡುಕ ಆಗಲೇ ಸೋಲುತ್ತಿತ್ತು. ಮಿತ್ರರು ತಲೆ ಕೆಳಗಾಗಿ ಅದನ್ನು ನೀರಿಗೆಸೆದರು. ಹಾಗೆ ಧುಮುಕಿದಾಗ ಕಿವಿರಿಗೆ ನೀರು ನುಗ್ಗಿ ಉಸಿರು ಮರಳುತ್ತದೆ. ಮುಂದಿನ ಮೀನನ್ನು, ಯಾರೂ ಕೇಳದೆಯೇ, ತಾಂಡೇಲರ ಬುಟ್ಟಿಗೆ ಹಾಕಿದರು. ಅದು ನನಗೆ ಹೆಚ್ಚು ಹಿಡಿಸಿತು.