ಕೂದಲೆಳೆಯ ಅಂತರ

ಬೆಳಗಾವಿಯ ದಕ್ಷಿಣದ ಅಂಚಿನಲ್ಲಿರುವ ನಮ್ಮ ವಡಗಾವಿ ನೇಕಾರರ ಊರು. ಇಲ್ಲಿ ಬೆಳಗಾಗುವುದು ಕೋಳಿಯ ಕೂಗಿನಿಂದಲ್ಲ, ಮಗ್ಗದ ಸದ್ದಿನಿಂದ. ಓಣಿಯಲ್ಲಿ ಹಾದುಹೋಗುವವನಿಗೆ ಅದು ಬರಿಯ ಗದ್ದಲ. ನೇಕಾರನಿಗೆ ಅದು ಮಾತು. ಉಣ್ಣಲು ಕುಳಿತವನು ತುತ್ತನ್ನು ಕೈಯಲ್ಲೇ ಹಿಡಿದು, ‘ಆ ಮೂಲ್ಯಾಗಿನ ಮಗ್ಗಕ್ಕ ಏನೋ ಆತು’ ಎಂದು ಎದ್ದುಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇಂಥ ಊರಿನಲ್ಲಿ ಮೂವತ್ತು ವರ್ಷ ಬಾಳಿಯೂ ನನಗೆ ಕೇಳುವ ವಿದ್ಯೆ ಬಂದಿರಲಿಲ್ಲ. ಅದನ್ನು ಕಲಿಸಲು ಒಂದು ಹಳೆಯ ಕಾರು ಬೇಕಾಯಿತು.

ನಾನು ಖಾನಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕ. ಪಿರನವಾಡಿ, ಮಚ್ಛೆಗಳನ್ನು ದಾಟಿ ನಿತ್ಯ ಹೋಗಿಬರಲು ನನ್ನ ಬಳಿ ಒಂದು ಮಾರುತಿ ೮೦೦ ಇದೆ. ೧೯೮೩ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದು, ೨೦೧೪ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಈ ಪುಟ್ಟ ಕಾರು ಎಷ್ಟೋ ಮಧ್ಯಮವರ್ಗದ ಮನೆಗಳಿಗೆ ಮೊದಲ ಕಾರಾಗಿತ್ತು. ಅದರ ಎಂಜಿನ್ನಿನ ಗಾತ್ರ ೭೯೬ ಘನ ಸೆಂಟಿಮೀಟರು. ಸಿಲಿಂಡರುಗಳು ಮೂರೇ ಮೂರು. ನನ್ನದು ಕಾರ್ಬ್ಯುರೇಟರಿನ ಕಾಲದ್ದು. ವಯಸ್ಸಾದರೂ ನಂಬಿಕೆಗೆ ಎರಡು ಬಗೆದದ್ದಿಲ್ಲ. ಒಂದೇ ಒಂದು ಕೊರತೆಯೆಂದರೆ, ಎಂಜಿನ್ನಿನ ತಲೆಯ ಕಡೆಯಿಂದ ಸದಾ ‘ಟಿಕ್ ಟಿಕ್’ ಎಂಬ ಸಣ್ಣ ಸದ್ದು ಬರುತ್ತಿತ್ತು.

ಆ ಸದ್ದು ನನಗೆ ಸಹಿಸದಾಯಿತು. ನಮ್ಮ ಕಡೆಯ ಗ್ಯಾರೇಜಿನ ತರುಣನೊಬ್ಬನಿಗೆ ಅದನ್ನು ನಿಲ್ಲಿಸೆಂದೆ. ಅವನು ಕಿವಿಗೊಟ್ಟು ಕೇಳಿ, “ಅದು ಟ್ಯಾಪೆಟ್ ಸಪ್ಪಳರೀ ಸರ್. ಇರ್ಲಿ ಬಿಡ್ರಿ. ಅದಕ್ಕ ಸ್ವಲ್ಪ ಸಂದು ಬೇಕಾಗತೈತಿ” ಎಂದ. ನಾನು ಕೇಳಲಿಲ್ಲ. “ದುಡ್ಡು ಕೊಡುವವನು ನಾನು. ಸದ್ದು ನಿಲ್ಲಬೇಕು” ಎಂದೆ. ಅವನು ಮರುಮಾತಾಡದೆ ತಿರುಪುಗಳನ್ನು ಬಿಗಿಮಾಡಿಕೊಟ್ಟ. ಸದ್ದು ಅಡಗಿತು. ಮನೆಯವರನ್ನೆಲ್ಲ ಕೂರಿಸಿಕೊಂಡು, “ಹೇಗಿದೆ, ಹೊಸ ಗಾಡಿಯ ಹಾಗಿಲ್ಲವೆ?” ಎಂದು ಬೀಗಿದೆ.

ಬಿಂಕ ಬಹಳ ದಿನ ನಿಲ್ಲಲಿಲ್ಲ. ಕೆಲವು ವಾರಗಳಲ್ಲಿ ಗಾಡಿಗೆ ವಿಚಿತ್ರವಾದ ನಡುಕ ಹಿಡಿಯಿತು. ಬೆಳಗಿನ ತಂಪಿನಲ್ಲಿ ಹೊರಟಾಗ ತಕ್ಕಮಟ್ಟಿಗೆ ಸರಿಯಾಗಿರುತ್ತಿತ್ತು. ಎಂಜಿನ್ನು ಕಾದ ಮೇಲೆ ಎಲ್ಲಿಯಾದರೂ ನಿಲ್ಲಿಸಿದರೆ ಚಳಿಜ್ವರದವರಂತೆ ಗಡಗಡ ನಡುಗುತ್ತಿತ್ತು. ಒಂದು ಭಾನುವಾರ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗೆ ಹೊರಟೆವು. ಜಾಂಬೋಟಿ ದಾಟಿದ ಮೇಲೆ ಏರು ಬಂದಾಗ ಗಾಡಿಗೆ ಉಸಿರೇ ಇಲ್ಲ. ಎರಡನೆಯ ಗೇರಿನಲ್ಲಿ ಏದುತ್ತ, ಹಿಂದಿನ ಲಾರಿಗಳ ಹಾರನ್ನು ಕೇಳುತ್ತ, ಅರ್ಧದಾರಿಯಿಂದ ಹಿಂದಿರುಗಿದೆವು.

ಮರುದಿನ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನೆಟ್ಟಗೆ ಗ್ಯಾರೇಜಿಗೆ ಹೋಗಿ, ಐದಾರು ಗಿರಾಕಿಗಳ ಎದುರಿಗೆ, “ನೆಟ್ಟಗಿದ್ದ ಗಾಡಿಯನ್ನು ಕೆಡಿಸಿಟ್ಟೆ. ಕೆಲಸ ಬಾರದಿದ್ದರೆ ಅಂಗಡಿ ಮುಚ್ಚು” ಎಂದು ಆ ಹುಡುಗನ ಮೇಲೆ ಕೂಗಾಡಿದೆ. ಅವನು ಕೈಯಲ್ಲಿದ್ದ ಬಟ್ಟೆಯಿಂದ ಎಣ್ಣೆ ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ನಿಂತ. ನನ್ನ ಕೋಪ ತೀರಿತು. ಗಾಡಿಯ ನಡುಕ ತೀರಲಿಲ್ಲ.

ಆಮೇಲೆ ಹೇಳಿದವರೆಲ್ಲರ ಮಾತು ಕೇಳಿದೆ. ಒಬ್ಬರು ಪ್ಲಗ್ಗು ಎಂದರು, ಬದಲಿಸಿದೆ. ಒಬ್ಬರು ಕಾರ್ಬ್ಯುರೇಟರು ಎಂದರು, ತೊಳೆಸಿದೆ. ಮತ್ತೊಬ್ಬರು ಪೆಟ್ರೋಲಿನಲ್ಲೇ ದೋಷವೆಂದರು. ಹಣ ಕರಗಿತು. ಗಾಡಿಯನ್ನು ಗುಜರಿಗೆ ಹಾಕುವುದೆಂದು ನಿಶ್ಚಯಿಸಿದೆ.

ಆ ಸಂಜೆ ಪಕ್ಕದ ಮನೆಯ ವೃದ್ಧ ನೇಕಾರರು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಕಾರಿನ ಗಂಧಗಾಳಿಯಿಲ್ಲದ ಅವರು ಕಣ್ಣು ಮುಚ್ಚಿ ಆಲಿಸಿ, “ಮಾಸ್ತರ್ರ, ಮೂರು ಪೆಟ್ಟು ಬೀಳಬೇಕಾದಲ್ಲಿ ಎರಡು ಬೀಳಾಕತ್ತಾವು. ಒಂದು ಸುಮ್ನ ಕುಂತೈತಿ. ಯಾವುದಂತ ಮೊದಲ ಹುಡುಕ್ರಿ. ಒಂದು ಎಳಿ ಹರಿದರ ಇಡೀ ಹಾಸು ಕಡಿತಾರೇನ್ರಿ?” ಎಂದರು.

ಆ ಮಾತು ನನ್ನೊಳಗಿನ ವಿಜ್ಞಾನದ ಅಧ್ಯಾಪಕನನ್ನು ಎಬ್ಬಿಸಿತು. ಎಂಜಿನ್ನು ಓಡುತ್ತಿರುವಾಗಲೇ, ರಬ್ಬರಿನ ಹಿಡಿಯುಳ್ಳ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡಿದೆ. ಮೊದಲನೆಯದನ್ನು ಕಳಚಿದಾಗ ಎಂಜಿನ್ನು ನಿಲ್ಲುವಂತಾಯಿತು. ಮೂರನೆಯದನ್ನು ಕಳಚಿದಾಗಲೂ ಹಾಗೆಯೇ. ನಡುವಿನದನ್ನು ಕಳಚಿದಾಗ ಮಾತ್ರ ಏನೂ ವ್ಯತ್ಯಾಸವಿಲ್ಲ. ಸುಮ್ಮನೆ ಕುಳಿತವನು ಸಿಕ್ಕಿಬಿದ್ದ! ಅದರ ಪ್ಲಗ್ಗನ್ನೂ ತಂತಿಯನ್ನೂ ಪಕ್ಕದ ಸಿಲಿಂಡರಿಗೆ ಬದಲಿಸಿ ನೋಡಿದೆ. ದೋಷ ಅವುಗಳ ಹಿಂದೆ ಹೋಗಲಿಲ್ಲ, ನಡುವೆಯೇ ಉಳಿಯಿತು. ಕಿಡಿ ಸರಿಯಿದೆ, ಪೆಟ್ರೋಲು ಬರುತ್ತಿದೆ. ಇನ್ನು ಉಳಿದದ್ದು ಒಳಗಿನ ಒತ್ತಡ. ಅದನ್ನು ಅಳೆಯುವ ಮಾಪಕವಿದ್ದದ್ದು ಮಾತ್ರ ಆ ಹುಡುಗನ ಬಳಿ.

ಎರಡು ದಿನ ನನ್ನ ಅಭಿಮಾನ ನನ್ನನ್ನು ತಡೆಯಿತು. ಮೂರನೆಯ ದಿನ ಹೋದೆ. ಅವನು ಒಂದು ಮಾತೂ ಆಡದೆ ಮಾಪಕ ತಂದ. ಅಂಚಿನ ಎರಡು ಸಿಲಿಂಡರುಗಳಲ್ಲಿ ಮುಳ್ಳು ಒಂದೇ ಎತ್ತರಕ್ಕೇರಿತು. ನಡುವಿನದರಲ್ಲಿ ಅರ್ಧಕ್ಕೇ ನಿಂತಿತು. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದ. ಪಿಸ್ಟನ್ನಿನ ಉಂಗುರ ಸವೆದಿದ್ದರೆ ಎಣ್ಣೆ ಆ ಬಿರುಕನ್ನು ತುಂಬಿ, ಮುಳ್ಳು ಮೇಲೇರಬೇಕು. ಏರಲಿಲ್ಲ. “ವಾಲ್ವ್ ರೀ ಸರ್” ಎಂದ. ಎಂಜಿನ್ನು ಆರಿದ ಮೇಲೆ ಮುಚ್ಚಳ ಬಿಚ್ಚಿ, ಹೊಗೆ ಹೊರಬಿಡುವ ಕವಾಟದ ತುದಿಗೂ ಅದನ್ನು ಒತ್ತುವ ಸನ್ನೆಗೂ ನಡುವೆ ಅತ್ಯಂತ ತೆಳುವಾದ ಅಳತೆಪಟ್ಟಿಯನ್ನು ತೂರಿಸಲು ನೋಡಿದ. ಅದು ಒಳಗೆ ಹೋಗಲೇ ಇಲ್ಲ.

ಆಗ ನನಗೆ ಎಲ್ಲವೂ ತಿಳಿಯಿತು. ಆ ಎರಡರ ನಡುವೆ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ಅಂತರ ಇರಲೇಬೇಕು. ಕಾದಾಗ ಕವಾಟದ ಕಾಂಡ ಹಿಗ್ಗುತ್ತದೆ; ಹಿಗ್ಗಲು ಎಡೆಯಿಲ್ಲದಿದ್ದರೆ ಕವಾಟ ಪೂರ್ತಿ ಮುಚ್ಚಿಕೊಳ್ಳದೆ ಒತ್ತಡ ಸೋರಿಹೋಗುತ್ತದೆ. ಸದ್ದಡಗಿಸಲು ನಾನು ಆ ಅಂತರವನ್ನು ಕಿರಿದು ಮಾಡಿಸಿದ್ದೆ; ಓಡುತ್ತ ಓಡುತ್ತ ಕವಾಟವು ತನ್ನ ಪೀಠದಲ್ಲಿ ಸವೆದು ಕುಳಿತು ಉಳಿದದ್ದನ್ನೂ ನುಂಗಿತ್ತು. ತಣ್ಣಗಿದ್ದಾಗ ಸರಿ, ಕಾದಾಗ ನಡುಕ. ಗಾಡಿ ದಿನವೂ ನನಗೆ ಉತ್ತರ ಹೇಳುತ್ತಲೇ ಇತ್ತು. ಲೋಹದ ಗುಂಡನ್ನು ಕಾಯಿಸಿ, ಅದು ಉಂಗುರದಲ್ಲಿ ತೂರದಿರುವುದನ್ನು ವರ್ಷ ವರ್ಷವೂ ಮಕ್ಕಳಿಗೆ ತೋರಿಸುವವನು ನಾನು! ರೈಲುಹಳಿಗಳ ನಡುವೆ ಸಂದು ಬಿಡುವುದೇಕೆಂದು ಪ್ರಶ್ನೆ ಕೇಳಿ ಅಂಕ ಕೊಡುವವನೂ ನಾನೇ!

ಅವನು ಅಂತರವನ್ನು ಸರಿಯಾದ ಅಳತೆಗೆ ತಂದು ಎಂಜಿನ್ನು ಚಾಲೂ ಮಾಡಿದ. ನಡುಕ ಮಾಯವಾಗಿತ್ತು. “ಇನ್ನೂ ಸ್ವಲ್ಪ ದಿನ ಓಡಿಸಿದ್ರ ವಾಲ್ವ್ ಸುಟ್ಟುಹೋಗತಿತ್ತರೀ. ಆಗ ಹೆಡ್ಡೇ ಬಿಚ್ಚಬೇಕಾಗತಿತ್ತು” ಎಂದ. ಅಂದೂ ಅಲ್ಲಿ ನಾಲ್ಕಾರು ಮಂದಿ ಗಿರಾಕಿಗಳಿದ್ದರು. ಅವರಿಗೆಲ್ಲ ಕೇಳುವಂತೆಯೇ ಹೇಳಿದೆ: “ತಪ್ಪು ನಿನ್ನದಲ್ಲ ತಮ್ಮಾ, ನನ್ನದು. ನೀನು ಬೇಡವೆಂದರೂ ಹಟಮಾಡಿದವನು ನಾನು. ಅಂದು ಆಡಿದ ಮಾತಿಗೆ ಕ್ಷಮೆಯಿರಲಿ.” ಅವನು ಗಲಿಬಿಲಿಗೊಂಡು, “ಹಂಗನಬ್ಯಾಡ್ರಿ ಸರ್. ನಾನೂ ಗಟ್ಟ್ಯಾಗಿ ಆಗೂದಿಲ್ಲ ಅನ್ನಬೇಕಿತ್ತು” ಎಂದ. ಮೇಲುಗೈಯಾಗಲು ಅವನಿಗೆ ಅದೊಂದು ಒಳ್ಳೆಯ ಅವಕಾಶ. ಅವನು ಮಾತ್ರ ನನ್ನ ತಪ್ಪಿನಲ್ಲಿ ಪಾಲು ಕೇಳಿದ.

ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ಬಡಿದು ನಾದ ಕೇಳುತ್ತಾರೆ. ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಿ ಇಷ್ಟು ಕಾಲ ಪಾಠ ಹೇಳಿಯೂ ಇದರ ಅರ್ಥ ನನಗೆ ಹೊಳೆದಿರಲಿಲ್ಲ. ಸದ್ದೆಲ್ಲ ದೋಷವಲ್ಲ, ಮೌನವೆಲ್ಲ ಆರೋಗ್ಯವೂ ಅಲ್ಲ. ಈಗ ನನ್ನ ಗಾಡಿಯಲ್ಲಿ ‘ಟಿಕ್ ಟಿಕ್’ ಮತ್ತೆ ಕೇಳಿಸುತ್ತದೆ. ಬೆಳಿಗ್ಗೆ ಓಣಿಯಿಂದ ಹೊರಡುವಾಗ ಅದು ಮಗ್ಗಗಳ ಸದ್ದಿನೊಡನೆ ಬೆರೆಯುತ್ತದೆ. ಕಟ್ಟೆಯ ಮೇಲಿನ ಕಾಕಾ ಕಣ್ಣು ಮುಚ್ಚಿ ಒಂದು ಗಳಿಗೆ ಆಲಿಸಿ, ಮೂರು ಬೆರಳೆತ್ತಿ ತೋರಿಸುತ್ತಾರೆ. ನಾನು ನೆಮ್ಮದಿಯಿಂದ ಶಾಲೆಯ ದಾರಿ ಹಿಡಿಯುತ್ತೇನೆ.