ಸಿಯಾಲ್ದಾದ ಶಾಲೆ, ಸಿಸ್ಟರ್ ಸಿರಿಲ್ ಪಾಠ

‘ಕಾನ್ವೆಂಟ್’ ಎಂಬ ಶಬ್ದಕ್ಕೆ ಕನ್ನಡದ ಮನೆಗಳಲ್ಲಿ ಒಂದೇ ಅರ್ಥ: ಇಂಗ್ಲಿಷ್ ಮಾಧ್ಯಮದ ಶಾಲೆ. ಟೈ, ಬೂಟು, ಡೊನೇಷನ್, ಗೇಟಿನಲ್ಲಿ ಕಾವಲುಗಾರ, ಇಷ್ಟೂ ಚಿತ್ರ ಆ ಶಬ್ದದ ಬೆನ್ನಿಗೇ ಬರುತ್ತದೆ. ಕಾನ್ವೆಂಟ್ ಎಂದರೆ ಮೂಲದಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠ. ಅಂಥ ಮಠಕ್ಕೆ ಸೇರಿದ ಒಬ್ಬ ಸಿಸ್ಟರ್ ತಮ್ಮ ಶಾಲೆಯ ಗೇಟನ್ನು ಬೀದಿಯ ಮಕ್ಕಳಿಗೆ ತೆರೆದಿಟ್ಟರು. ಅದರಿಂದ ಒಳಗಿನ ಮಕ್ಕಳ ಓದು ಕೆಡಲಿಲ್ಲ, ಇನ್ನಷ್ಟು ಗಟ್ಟಿಯಾಯಿತು.

ಅವರ ಹೆಸರು ಸಿಸ್ಟರ್ ಸಿರಿಲ್ ಮೂನಿ. ಹುಟ್ಟಿದ್ದು 1936ರಲ್ಲಿ, ಐರ್ಲೆಂಡಿನಲ್ಲಿ. ಲೊರೆಟೊ ಸಂಸ್ಥೆಯ ಸನ್ಯಾಸಿನಿಯಾಗಿ 1956ರಲ್ಲಿ ಭಾರತಕ್ಕೆ ಬಂದಾಗ ಅವರಿಗಿನ್ನೂ ಇಪ್ಪತ್ತರ ಆಸುಪಾಸು. ಮದರ್ ತೆರೇಸಾ ತಮ್ಮದೇ ಸಂಸ್ಥೆ ಕಟ್ಟುವ ಮುನ್ನ ಪಾಠ ಹೇಳುತ್ತಿದ್ದುದೂ ಇದೇ ಲೊರೆಟೊ ಬಳಗದ ಶಾಲೆಯಲ್ಲಿ. ಸಿಸ್ಟರ್ ಸಿರಿಲ್ ಓದಿನಲ್ಲೂ ಹಿಂದೆ ಬಿದ್ದವರಲ್ಲ. ಲಖನೌ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು.

1979ರಲ್ಲಿ ಅವರು ಕೋಲ್ಕತ್ತದ ಸಿಯಾಲ್ದಾದಲ್ಲಿರುವ ಲೊರೆಟೊ ಡೇ ಸ್ಕೂಲಿನ ಪ್ರಾಂಶುಪಾಲರಾದರು. ಪಕ್ಕದಲ್ಲೇ ದೊಡ್ಡ ರೈಲು ನಿಲ್ದಾಣ. ಅದರ ಸುತ್ತ ಫುಟ್‌ಪಾತಿನಲ್ಲೇ ಉಂಡು, ಅಲ್ಲೇ ಮಲಗುವ ಸಂಸಾರಗಳು. ಶಾಲೆಯ ಒಳಗೆ ಇದ್ದವರಲ್ಲಿ ಹೆಚ್ಚಿನವರು ಶುಲ್ಕ ಕೊಡಬಲ್ಲ ಮನೆಗಳ ಹುಡುಗಿಯರು. ಸಿಸ್ಟರ್ ಮೊದಲು ಮಾಡಿದ ಕೆಲಸ ಬಡಮಕ್ಕಳ ಪ್ರವೇಶವನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸಿದ್ದು. ಕೊಡಬಲ್ಲವರ ಶುಲ್ಕ ಮತ್ತು ದಾನಿಗಳ ನೆರವಿನಿಂದ ಕೊಡಲಾರದವರ ಓದು ಸಾಗಿತು. 1990ರ ದಶಕದ ಹೊತ್ತಿಗೆ ಶಾಲೆಯಲ್ಲಿ ಸುಮಾರು 1400 ವಿದ್ಯಾರ್ಥಿನಿಯರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಶುಲ್ಕ ಕೊಡದೆ ಓದುತ್ತಿದ್ದರು. ಒಂದೇ ಸಮವಸ್ತ್ರ, ಒಂದೇ ಬೆಂಚು.

ಆದರೂ ಫುಟ್‌ಪಾತಿನ ಮಕ್ಕಳು ಹೊರಗೇ ಉಳಿದಿದ್ದರು. ಚಿಂದಿ ಆಯುವ, ತಮ್ಮ ತಂಗಿಯರನ್ನು ಎತ್ತಿಕೊಂಡು ತಿರುಗುವ ಮಗು ಬೆಳಗಿನ ಗಂಟೆಗೆ ಸರಿಯಾಗಿ ಶಾಲೆಗೆ ಬರುವುದೆಲ್ಲಿಂದ? ಇದಕ್ಕಾಗಿ 1985ರಲ್ಲಿ ಹುಟ್ಟಿದ್ದು ‘ರೇನ್‌ಬೋ’, ಅಂದರೆ ಕಾಮನಬಿಲ್ಲು ಯೋಜನೆ. ಮಗು ತನಗೆ ಬಿಡುವಾದಾಗ ಬರಬಹುದು. ಬಂದಾಗ ಪಾಠ ಹೇಳಲು ಯಾರಾದರೂ ಇರಬೇಕಲ್ಲ? ಅವರು ಶಾಲೆಯ ವಿದ್ಯಾರ್ಥಿನಿಯರೇ. ಐದರಿಂದ ಹತ್ತನೆಯ ತರಗತಿಯ ಹುಡುಗಿಯರು ಸರದಿಯ ಮೇಲೆ ಬಂದು, ಒಬ್ಬರಿಗೆ ಒಬ್ಬರಂತೆ ಕುಳಿತು ಅಕ್ಷರ, ಲೆಕ್ಕ ಕಲಿಸಿದರು. ಕಲಿಕೆ ಒಂದು ಮಟ್ಟಕ್ಕೆ ಬಂದ ಮೇಲೆ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ, ಅಲ್ಲಿಯೋ ಹತ್ತಿರದ ಬಂಗಾಳಿ ಶಾಲೆಯಲ್ಲೋ ಸೇರಿಸಲಾಯಿತು. ಮುಂದೆ ರಾತ್ರಿ ತಂಗಲೂ ಶಾಲೆಯಲ್ಲೇ ಜಾಗವಾಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಕಲಿಸುವ ಕೆಲಸ ಶಾಲೆ ಬಿಟ್ಟ ಮೇಲಿನ ಪುಣ್ಯದ ಕೆಲಸವಾಗಿರಲಿಲ್ಲ. ಗಣಿತ, ವಿಜ್ಞಾನಗಳಂತೆ ಅದಕ್ಕೂ ವೇಳಾಪಟ್ಟಿಯಲ್ಲಿ ಪೀರಿಯಡ್ ಇತ್ತು. ಮನಸ್ಸು ಬಂದಾಗ ಮಾಡುವ ದಾನ ಮನಸ್ಸು ತಿರುಗಿದರೆ ನಿಲ್ಲುತ್ತದೆ. ವೇಳಾಪಟ್ಟಿಯಲ್ಲಿ ಇರುವುದು ಕರ್ತವ್ಯವಾಗುತ್ತದೆ.

‘ನಮ್ಮ ಮಗುವಿನ ಓದಿನ ಸಮಯ ಹಾಳಾಗುವುದಿಲ್ಲವೇ?’ ಎಂದು ಯಾವ ತಾಯಿ ತಂದೆಗಾದರೂ ಅನಿಸುವುದು ಸಹಜ. ಭಾಗಾಕಾರವನ್ನು ತಾನು ಮಾಡುವುದು ಬೇರೆ, ಪುಸ್ತಕವನ್ನೇ ಕಾಣದ ಮಗುವಿಗೆ ಬಿಡಿಸಿ ಹೇಳುವುದು ಬೇರೆ. ಹೇಳಿಕೊಡಲು ಕುಳಿತಾಗಲೇ ತನಗೆಷ್ಟು ಅರ್ಥವಾಗಿದೆ ಎಂಬುದು ತಿಳಿಯುವುದು. ಯಾವ ಟ್ಯೂಷನ್ನಿನಲ್ಲೂ ಸಿಗದ ಇನ್ನೊಂದು ಪಾಠವೂ ಅಲ್ಲಿತ್ತು: ಎದುರಿಗೆ ಕುಳಿತ ಮಗು ದಡ್ಡನಲ್ಲ, ಅದಕ್ಕೆ ಅವಕಾಶ ಸಿಕ್ಕಿರಲಿಲ್ಲ ಅಷ್ಟೆ.

ಹುಡುಗಿಯರು ಹಳ್ಳಿಯ ಶಾಲೆಗಳಿಗೂ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳಿದರು. ತಮ್ಮದೇ ಓಣಿಗಳಲ್ಲಿ ಮನೆಗೆಲಸಕ್ಕಿರುವ ಪುಟ್ಟ ಹುಡುಗಿಯರನ್ನು ಹುಡುಕಿ ಗೆಳೆತನ ಬೆಳೆಸಿದರು. ನೆರೆಮನೆಯಲ್ಲಿ ಪಾತ್ರೆ ತಿಕ್ಕುವ ಮಗು ತನ್ನಷ್ಟೇ ವಯಸ್ಸಿನದು ಎಂದು ಕಂಡವಳಿಗೆ ಸಮಾಜಶಾಸ್ತ್ರದ ಪಾಠ ಬಾಯಿಪಾಠವಾಗಿ ಉಳಿಯುವುದಿಲ್ಲ. ಪದವಿಯಿಲ್ಲದ ಯುವಜನರಿಗೆ ತರಬೇತಿ ಕೊಟ್ಟು, ತಮ್ಮ ಕೇರಿ, ಹಳ್ಳಿಗಳಲ್ಲೇ ಕಲಿಸುವ ‘ಬರಿಗಾಲ ಶಿಕ್ಷಕ’ರನ್ನೂ ಸಿಸ್ಟರ್ ತಯಾರು ಮಾಡಿದರು.

1994ರಲ್ಲಿ ಯುನೆಸ್ಕೋದ ನೋಮಾ ಸಾಕ್ಷರತಾ ಪ್ರಶಸ್ತಿ, 2007ರಲ್ಲಿ ಪದ್ಮಶ್ರೀ ಬಂದವು. 2011ರವರೆಗೆ ಪ್ರಾಂಶುಪಾಲರಾಗಿದ್ದ ಅವರು 2023ರ ಜೂನ್‌ನಲ್ಲಿ ಕೋಲ್ಕತ್ತದಲ್ಲೇ ಕಣ್ಣುಮುಚ್ಚಿದರು. ಸಿಯಾಲ್ದಾದ ಮಾದರಿಯಿಂದ ಹುಟ್ಟಿದ ರೇನ್‌ಬೋ ಮನೆಗಳು ಬೇರೆ ನಗರಗಳಲ್ಲೂ ಕಾಲೂರಿದವು. ಬೆಂಗಳೂರೂ ಅವುಗಳಲ್ಲೊಂದು.

2009ರಲ್ಲಿ ಸಂಸತ್ತು ಒಪ್ಪಿದ ಶಿಕ್ಷಣ ಹಕ್ಕು ಕಾಯ್ದೆ, ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಕನಿಷ್ಠ ಶೇಕಡ 25 ಸ್ಥಾನಗಳನ್ನು ಬಡ ಹಾಗೂ ಹಿಂದುಳಿದ ಮನೆಗಳ ಮಕ್ಕಳಿಗೆ ಮೀಸಲಿಡಲು ಹೇಳಿತು. ಅದಕ್ಕೂ ಎಷ್ಟೋ ಮೊದಲೇ, ಯಾವ ಕಾಯ್ದೆಯ ಒತ್ತಾಯವೂ ಇಲ್ಲದೆ ಒಂದು ಶಾಲೆ ಅದರ ಇಮ್ಮಡಿಯಷ್ಟು ಮಾಡಿತ್ತು. ಕಾನೂನು ಮಗುವಿಗೆ ಬೆಂಚು ಕೊಡಿಸಬಲ್ಲದು. ಆ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡಬೇಕಾದವರು ಮೊದಲೇ ಅಲ್ಲಿ ಕುಳಿತಿರುವ ಮಕ್ಕಳು. ಅದನ್ನು ಅವರಿಗೆ ಕಲಿಸಬೇಕಾದವರು ಹೆತ್ತವರು.